ಪಕ್ಕದ ಮನೆಯವರ ಶೆವೆಲ್

ಫೋಟೊ ಅಂಗೈಯಗಲ ಇದೆ. ಐವತ್ತು ವರ್ಷದಲ್ಲಿ ಬಣ್ಣ ಇಳಿದು ಹುಲ್ಲು, ಆಕಾಶ ಎಲ್ಲ ಕೆಂಪಡರಿವೆ. ಮನೆ ಮುಂದೆ ಒಂದು ಕಾರು, ಅದರ ಬಾನೆಟ್‌ಗೆ ಒರಗಿ ನಿಂತ ಉದ್ದ ಕೃತಾವಿನ ಹುಡುಗ. ಆ ಹುಡುಗ ಈಗ ನಮ್ಮ ಪಕ್ಕದ ಮನೆಯ ಹಿರಿಯರು. ಕಾರು 1970ರ ಶೆವರ್ಲೆ ಶೆವೆಲ್ ಎಸ್‌ಎಸ್ 454. ಹೊಸದಾಗಿಯೇ ಕೊಂಡಿದ್ದರಂತೆ. 1974ರಲ್ಲಿ, ಪೆಟ್ರೋಲ್ ಬೆಲೆ ಏರಿ, ಮನೆಗೊಂದು ಮಗುವೂ ಬಂದಾಗ ಮಾರಿಬಿಟ್ಟರು. ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ ನಮ್ಮಿಬ್ಬರ ನಡುವಿನ ಬೇಲಿ ರಿಪೇರಿ ಮಾಡುತ್ತಿದ್ದಾಗ ಜೇಬಿನಿಂದ ಈ ಫೋಟೊ ತೆಗೆದು, "ನಿನ್ನ ಗೆಳೆಯರಿಗೆಲ್ಲ ಪುಟ್ಟ ಮಾಡೆಲ್ ಕಾರು ಮಾಡಿಕೊಟ್ಟೆಯಲ್ಲ, ಇದೊಂದು ಆಗುತ್ತಾ ನೋಡು" ಅಂದರು. ಆಗಸ್ಟ್ ಮೂರನೇ ಶನಿವಾರದ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಮುಂಚೆ ಕೊಡುತ್ತೇನೆ ಅಂತ ಮಾತು ಕೊಟ್ಟೆ.

ನಾವಿರುವುದು ಡೆಟ್ರಾಯಿಟ್‌ನ ಉತ್ತರಕ್ಕಿರುವ ಟ್ರಾಯ್‌ನಲ್ಲಿ. ಡೆಟ್ರಾಯಿಟ್‌ನಿಂದ ಪಾಂಟಿಯಾಕ್ ತನಕ ಹೋಗುವ ವುಡ್‌ವರ್ಡ್ ಅವೆನ್ಯೂ ಇಲ್ಲಿಂದ ದೂರವಿಲ್ಲ. ಅರವತ್ತರ ದಶಕದ ಹುಡುಗರು ರಾತ್ರಿ ಹೊತ್ತು ಸಿಗ್ನಲ್‌ನಿಂದ ಸಿಗ್ನಲ್‌ಗೆ ರೇಸ್ ಬಿಡುತ್ತಿದ್ದ ರಸ್ತೆ ಅದು. 1995ರಿಂದ ಪ್ರತಿ ಆಗಸ್ಟ್‌ನಲ್ಲಿ ಅಲ್ಲೇ ಹಳೇ ಕಾರುಗಳ ಜಾತ್ರೆ. ಮಾಡೆಲ್ ಕಟ್ಟುವವರಿಗೂ ಈ ಊರು ತವರಿದ್ದ ಹಾಗೆ. ಮಾಡೆಲ್ ಕಾರು ತಯಾರಿಸುತ್ತಿದ್ದ, 1948ರಲ್ಲಿ ಶುರುವಾದ ಎಎಂಟಿ ಕಂಪನಿ ಟ್ರಾಯ್‌ನದೇ ಆಗಿತ್ತು, ಅಂಥದೇ ಇನ್ನೊಂದು ಕಂಪನಿ ಎಂಪಿಸಿ ಹತ್ತಿರದ ಮೌಂಟ್ ಕ್ಲೆಮೆನ್ಸ್‌ನದಾಗಿತ್ತು. ಕಾರಿನ ಷೋರೂಮ್‌ಗಳಲ್ಲಿ ಗಿರಾಕಿಗಳ ಮುಂದಿಡುತ್ತಿದ್ದ ಪುಟ್ಟ ಮಾದರಿಗಳಿಂದ ಶುರುವಾದ ಕಸುಬು, ಆಮೇಲೆ ಮನೆಯಲ್ಲೇ ಜೋಡಿಸುವ ಕಿಟ್ ಆಯಿತು.

ಇದಕ್ಕೂ ಮುಂಚೆ ಎರಡು ಕಟ್ಟಿದ್ದೆ. ಮೊದಲನೆಯದು 1969ರ ಡಾಜ್ ಚಾರ್ಜರ್, ಆಫೀಸಿನಲ್ಲಿ ಪಕ್ಕದಲ್ಲಿ ಕೂರುವ ಬೆಂಗಳೂರಿನ ಗೆಳೆಯನಿಗೆ. ಅದರ ಗಾಜನ್ನು ಸೂಪರ್ ಗ್ಲೂ ಹಾಕಿ ಅಂಟಿಸಿದೆ. ಬೆಳಗ್ಗೆ ಎದ್ದು ನೋಡಿದರೆ ವಿಂಡ್‌ಷೀಲ್ಡ್ ಒಳಗೆಲ್ಲ ಬಿಳಿ ಮಂಜು. ಒಣಗುವಾಗ ಆ ಅಂಟಿನ ಆವಿ ಹತ್ತಿರದ ಪ್ಲಾಸ್ಟಿಕ್ ಮೇಲೆ ಕೂತು ಹಾಗಾಗುತ್ತದೆ. ಅಂದಿನಿಂದ ಗಾಜಿಗೆ ಮಕ್ಕಳು ಸ್ಕೂಲಿಗೆ ಒಯ್ಯುವ ಬಿಳಿ ಅಂಟು ಬಿಟ್ಟರೆ ಬೇರೇನೂ ಮುಟ್ಟಿಸುವುದಿಲ್ಲ. ಎರಡನೆಯದು 1970ರ ಪ್ಲಿಮತ್ ಕುಡಾ, ಹುಬ್ಬಳ್ಳಿಯ ಗೆಳೆಯನಿಗೆ. ಹೊಳಪು ಬರಲಿ ಅಂತ ಕೋಟ್ ಮೇಲೆ ಕೋಟ್ ಹೊಡೆದು ಬಾಗಿಲಿನ ಗೆರೆಗಳೇ ಮುಚ್ಚಿಹೋದವು. ಲೆಕ್ಕ ಹಾಕಿದರೆ ಆಶ್ಚರ್ಯವಿಲ್ಲ. ಇಷ್ಟು ಸಣ್ಣ ಅಳತೆಯಲ್ಲಿ 0.1 ಮಿ.ಮೀ. ಬಣ್ಣ ಅಂದರೆ ನಿಜವಾದ ಕಾರಿಗೆ ಸುಮಾರು ಎರಡೂವರೆ ಮಿ.ಮೀ. ದಪ್ಪ ಮೆತ್ತಿದ ಹಾಗೆ. ಗೆಳೆಯ ಖುಷಿಯಿಂದಲೇ ಇಟ್ಟುಕೊಂಡಿದ್ದಾನೆ. ಆದರೆ ಅವನ ಮನೆಗೆ ಊಟಕ್ಕೆ ಹೋದಾಗಲೆಲ್ಲ ನನ್ನ ಕಣ್ಣು ಷೋಕೇಸ್‌ನಲ್ಲಿರುವ ಆ ಬಾಗಿಲಿನ ಮೇಲೇ. ನನಗಾಗಿ ಮಾಡಿಕೊಂಡಿದ್ದರೆ ಹಿಂದೆ ಸರಿಸಿ ಮರೆತುಬಿಡುತ್ತಿದ್ದೆನೇನೋ. ಇನ್ನೊಬ್ಬರ ಮನೆಯಲ್ಲಿರುವುದರಿಂದ ಮರೆಯಲು ಆಗಲಿಲ್ಲ, ಹಾಗಾಗಿ ಕಲಿತೆ.

ಕಿಟ್ ಬಂತು, 1/24 ಅಳತೆಯದು. ನಿಜವಾದ ಕಾರಿನ 112 ಇಂಚಿನ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, ಇಲ್ಲಿ 118 ಮಿ.ಮೀ. ಚಿಲ್ಲರೆ. ಸ್ಕೇಲ್ ಇಟ್ಟು ಅಳೆದೆ, ಸರಿಯಾಗಿದೆ.

ಕಾರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಮಧ್ಯಮ ಗಾತ್ರದ, ಸಾಮಾನ್ಯ ಬೆಲೆಯ ಕಾರಿಗೆ ದೊಡ್ಡ ಕಾರಿನ ಎಂಜಿನ್ ಕೂರಿಸಿದ್ದೇ ಮಸಲ್ ಕಾರ್. 1964ರಲ್ಲಿ ಪಾಂಟಿಯಾಕ್ ಜಿಟಿಒ ಆ ದಾರಿ ತೆರೆಯಿತು. ಮಧ್ಯಮ ಗಾತ್ರದ ಕಾರಿಗೆ 400 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಅಂತ ಜನರಲ್ ಮೋಟಾರ್ಸ್ ತನಗೆ ತಾನೇ ಒಂದು ಕಟ್ಟು ಹಾಕಿಕೊಂಡಿತ್ತು. 1970ರ ಮಾಡೆಲ್‌ಗೆ ಅದನ್ನು ಸಡಿಲಿಸಿದಾಗ ಶೆವೆಲ್‌ಗೆ 454 ಘನ ಇಂಚಿನ ಎಂಜಿನ್ ಬಂತು, ನಮ್ಮ ಲೆಕ್ಕದಲ್ಲಿ 7.4 ಲೀಟರ್. ಅದರಲ್ಲಿ ಎರಡು ಬಗೆ. ಎಲ್‌ಎಸ್6 ಅಂದರೆ 450 ಅಶ್ವಶಕ್ತಿ, ಎಲ್ಲರ ಬಾಯಲ್ಲಿರುವುದು ಅದೇ. ಇನ್ನೊಂದು ಎಲ್‌ಎಸ್5, 360 ಅಶ್ವಶಕ್ತಿ. ಪಕ್ಕದ ಮನೆಯವರದ್ದು ಎಲ್‌ಎಸ್5. "ಎಲ್‌ಎಸ್6 ಅಂತ ಸುಳ್ಳು ಹೇಳುವವರು ಬೇಕಾದಷ್ಟಿದ್ದಾರೆ, ನನಗೆ ನನ್ನದೇ ಬೇಕು" ಅಂದರು. ಆ ಒಂದು ಮಾತಿನಿಂದ ಕೆಲಸ ಗಟ್ಟಿಯಾಯಿತು. ಎಲ್‌ಎಸ್6ರಲ್ಲಿ ಎಂಜಿನ್‌ಗೆ ಗಾಳಿ, ಪೆಟ್ರೋಲ್ ಒಯ್ಯುವ ಇನ್‌ಟೇಕ್ ಅಲ್ಯೂಮಿನಿಯಂ, ಮೇಲೆ ಹಾಲಿ (Holley) ಅನ್ನುವ ಕಂಪನಿಯ ಕಾರ್ಬ್ಯುರೇಟರ್. ಎಲ್‌ಎಸ್5ರದ್ದು ಎರಕದ ಕಬ್ಬಿಣ, ಎಂಜಿನ್ ಜೊತೆಗೇ ಶೆವರ್ಲೆಯ ಕಿತ್ತಳೆ ಬಣ್ಣ ಬಳಿದದ್ದು, ಮೇಲೆ ಕ್ವಾಡ್ರಾಜೆಟ್ ಕಾರ್ಬ್ಯುರೇಟರ್. ಕಿಟ್‌ನಲ್ಲಿ ಏನಿದೆ ಅನ್ನುವುದಕ್ಕಿಂತ ಅವರ ಕಾರಿನಲ್ಲಿ ಏನಿತ್ತು ಅನ್ನುವುದನ್ನು ಮೊದಲು ಬರೆದುಕೊಂಡು ಬೆಂಚಿನ ಗೋಡೆಗೆ ಅಂಟಿಸಿದೆ.

ಮೇ ತಿಂಗಳು ಪೂರ್ತಿ ಬಾಡಿ ಕೆಲಸ. ಅಚ್ಚಿನ ಎರಡು ಭಾಗ ಕೂಡುವಲ್ಲಿ ಪ್ಲಾಸ್ಟಿಕ್ ಮೇಲೆ ಕೂದಲೆಳೆಯಂಥ ಗೆರೆ ಏಳುತ್ತದೆ. ಮುಂದಿನ ಮಡ್‌ಗಾರ್ಡ್ ನೆತ್ತಿಯಿಂದ ಹೊರಟು ಹಿಂದಿನ ಕಂಬದವರೆಗೂ ಓಡುತ್ತದೆ. ಬರಿಗಣ್ಣಿಗೆ ಕಾಣದಿದ್ದರೂ ಹೊಳಪಿನ ಬಣ್ಣ ಬಿದ್ದ ತಕ್ಷಣ ಎದ್ದು ಕಾಣುತ್ತದೆ. ಪಕ್ಕದ ಮನೆಯವರು ಜೀವನವಿಡೀ ಟೂಲ್ ಅಂಡ್ ಡೈ ಕೆಲಸ, ಅಂದರೆ ಕಾರ್ಖಾನೆಗೆ ಅಚ್ಚು, ಉಪಕರಣ ಮಾಡುವ ಕೆಲಸ ಮಾಡಿದವರು. ಬಾಡಿಯನ್ನು ಕೈಗೆ ತೆಗೆದುಕೊಂಡು, ಕಣ್ಣಿನಿಂದ ನೋಡದೆ, ಹೆಬ್ಬೆರಳ ಉಗುರನ್ನು ಮೆಲ್ಲಗೆ ಆಡಿಸಿ ಆ ಗೆರೆ ಎಲ್ಲಿ ಶುರು, ಎಲ್ಲಿ ಕೊನೆ ಅಂತ ತೋರಿಸಿಕೊಟ್ಟರು. ಹಾಗೆ ಉಗುರು ಆಡಿಸುವುದನ್ನು ನಾನೂ ಕಲಿತೆ. 400ರ ವಾಟರ್ ಪೇಪರ್, ಆಮೇಲೆ 600, ಪೇಪರಿನ ಹಿಂದೆ ಒಂದು ಚಪ್ಪಟೆ ಕಡ್ಡಿ. ಬರೀ ಬೆರಳಿನಿಂದ ಉಜ್ಜಿದರೆ ಅಲ್ಲಿ ಹಳ್ಳ ಬೀಳುತ್ತದೆ.

ಕುಡಾದ ಪಾಠ ನೆನಪಿಟ್ಟುಕೊಂಡು ಬಾಗಿಲು ಮತ್ತು ಡಿಕ್ಕಿಯ ಗೆರೆಗಳನ್ನು ಬಣ್ಣಕ್ಕೆ ಮುಂಚೆಯೇ ಆಳ ಮಾಡಿದೆ. ಬ್ಲೇಡಿನ ಬೆನ್ನನ್ನು ಗೆರೆಯೊಳಗಿಟ್ಟು, ತನ್ನ ತೂಕದಲ್ಲೇ ಎಳೆಯುವುದು. ಒತ್ತಿದರೆ ಜಾರಿ ಬಾಗಿಲ ಮೇಲೆ ಗೀರು. ಒಂದು ಗೆರೆಗೆ ಹದಿನೈದು ಇಪ್ಪತ್ತು ಸಲ ಎಳೆದಾಗ ಸುರುಳಿ ಸುರುಳಿಯಾಗಿ ಪ್ಲಾಸ್ಟಿಕ್ ಎದ್ದು ಬರುತ್ತದೆ, ತೆಂಗಿನಕಾಯಿ ತುರಿಯ ಸಣ್ಣ ಎಳೆಯ ಹಾಗೆ. ಆ ಸುರುಳಿ ಒಂದೇ ಸಮ ಬರುತ್ತಿದ್ದರೆ ಕೈ ಸರಿಯಾಗಿದೆ ಅಂತ ಅರ್ಥ.

ಮಡ್‌ಗಾರ್ಡ್ ಮೇಲಿನ ಎಸ್‌ಎಸ್ ಲಾಂಛನಕ್ಕೆ ಬೇರೆ ಉಪಾಯ. ಅದರ ಅಗಲ ಅಕ್ಕಿಕಾಳಿನಷ್ಟೂ ಇಲ್ಲ, ಬ್ರಷ್‌ನಿಂದ ಬೆಳ್ಳಿ ಬಣ್ಣ ಹಚ್ಚಿದರೆ ಮುದ್ದೆಯಾಗುತ್ತದೆ. ಅದಕ್ಕೆ ಪ್ರೈಮರ್ ಆದ ಮೇಲೆ, ನೀಲಿ ಹೊಡೆಯುವ ಮುಂಚೆ, ಕ್ರೋಮ್ ಫಾಯಿಲ್‌ನ ಚೂರನ್ನು ಅದರ ಮೇಲೆ ಕೂರಿಸಿ ಹಲ್ಲುಕಡ್ಡಿಯಿಂದ ಒತ್ತಿ ಒತ್ತಿ ಅಕ್ಷರದ ಆಕಾರ ಮೂಡಿಸಬೇಕು. ಹೊಸ ಬ್ಲೇಡಿನಿಂದ ಅಂಚು ಕತ್ತರಿಸಬೇಕು. ಮೇಲೆ ಬಣ್ಣ ಹೊಡೆದು ಒಣಗಿದ ಮೇಲೆ, ಚಪ್ಪಟೆ ಕಡ್ಡಿಗೆ ಬಟ್ಟೆ ಸುತ್ತಿ, ಥಿನ್ನರ್‌ನಲ್ಲಿ ಅದ್ದಿ ಹಿಂಡಿ, ಉಬ್ಬಿದ ಅಕ್ಷರಗಳ ನೆತ್ತಿಯನ್ನಷ್ಟೇ ಸವರಿದರೆ ಬಣ್ಣ ಹೋಗಿ ಕೆಳಗಿನ ಫಾಯಿಲ್ ಹೊಳೆಯುತ್ತದೆ. ಹಿನ್ನೆಲೆ ನೀಲಿಯಾಗೇ ಉಳಿಯುತ್ತದೆ. ಮೊದಲ ಸಲ ಎಸ್‌ಎಸ್ ಹಾಗೆ ಕಣ್ಣು ಬಿಟ್ಟಾಗ ಹೆಂಡತಿಯನ್ನು ಬೇಸ್‌ಮೆಂಟ್‌ಗೆ ಕರೆದು ತೋರಿಸಿದೆ.

ಜುಲೈ ಮೊದಲ ವಾರ ಬಣ್ಣ. ಅವರ ಕಾರಿನ ಬಣ್ಣದ ಹೆಸರು ಫ್ಯಾದಮ್ ಬ್ಲೂ, ಗಾಢ ನೀಲಿ ಮೆಟಾಲಿಕ್. ನಿಜವಾದ ಕಾರಿಗೆ ಹೊಡೆಯುವ ಮೆಟಾಲಿಕ್ ಬಣ್ಣವನ್ನೇ ಮಾಡೆಲ್‌ಗೆ ಹಾಕಿದರೆ ಅದರ ಮಿಂಚಿನ ಕಣಗಳು ನಾಣ್ಯ ಚೆಲ್ಲಿದ ಹಾಗೆ ಕಾಣುತ್ತವೆ. ಅದಕ್ಕೆ ಮಾಡೆಲ್‌ಗೆಂದೇ ನುಣ್ಣಗೆ ಅರೆದ ಲ್ಯಾಕರ್ ತರಿಸಿ ಏರ್‌ಬ್ರಷ್‌ನಲ್ಲಿ ಹೊಡೆದೆ.

ಆವತ್ತು ಮಳೆ ಬಂದು ನಿಂತಿತ್ತು, ಸೆಕೆ. ಹೊಡೆದ ಹತ್ತು ನಿಮಿಷಕ್ಕೆ ಚಾವಣಿ ಮೇಲೆ ಬೂದಿ ಹಚ್ಚಿದ ಹಾಗೆ ಬೆಳ್ಳಗಾಯಿತು. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂತು ಬಣ್ಣದೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ನಿಧಾನವಾಗಿ ಆರುವ ಥಿನ್ನರನ್ನು ತೆಳ್ಳಗೆ ಹೊಡೆದರೆ ಕೆಲವೊಮ್ಮೆ ಸರಿಹೋಗುತ್ತದೆ. ಹೊಡೆದೆ. ಬಿಳಿ ಹೋಯಿತು, ಆದರೆ ಬೆಳ್ಳಿ ಕಣಗಳೆಲ್ಲ ಒಂದು ಕಡೆ ಸರಿದು ಮೋಡ ಕವಿದ ಹಾಗಾಯಿತು. ಒಂದು ರಾತ್ರಿ ಅದನ್ನು ನೋಡುತ್ತಾ ಕೂತೆ. ನನ್ನ ಷೋಕೇಸ್‌ಗೆ ಆಗಿದ್ದರೆ ಅದೇ ಇರಲಿ ಅನ್ನುತ್ತಿದ್ದೆ, ನಿಜ ಹೇಳುತ್ತೇನೆ. ಬೆಳಗ್ಗೆ ಕಾಸ್ಟಿಕ್ ಸೋಡಾ ಇರುವ ಡಿಗ್ರೀಸರ್‌ನಲ್ಲಿ ಬಾಡಿ ಮುಳುಗಿಸಿ, ಮುಚ್ಚಳ ಹಾಕಿದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ, ಇದರಲ್ಲಿ ರಾಜಿ ಬೇಡ. ಎರಡು ದಿನದ ಮೇಲೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದಾಗ ಬಣ್ಣ, ಪ್ರೈಮರ್ ಎಲ್ಲ ಹೊರಟುಹೋಯಿತು, ಜೊತೆಗೆ ನನ್ನ ಎಸ್‌ಎಸ್ ಫಾಯಿಲ್ ಕೂಡ. ಮತ್ತೆ ಪ್ರೈಮರ್, ಮತ್ತೆ ಫಾಯಿಲ್. ಎರಡನೇ ಸಲ ಫಾಯಿಲ್ ಕತ್ತರಿಸಿದ್ದು ಮೊದಲನೆಯದಕ್ಕಿಂತ ಚೊಕ್ಕವಾಗಿ ಬಂತು.

ಈ ಸಲ ಗ್ಯಾರೇಜಿನಲ್ಲಿ ಡೀಹ್ಯುಮಿಡಿಫೈಯರ್ ಹಾಕಿ, ಗಾಳಿಯ ತೇವ ಶೇ 50ಕ್ಕಿಂತ ಕೆಳಗೆ ಇಳಿಯುವ ತನಕ ಏರ್‌ಬ್ರಷ್ ಮುಟ್ಟಲಿಲ್ಲ. ಮೊದಲೆರಡು ಕೋಟ್ ಬರೀ ಇಬ್ಬನಿ ಬಿದ್ದ ಹಾಗೆ, ಕೆಳಗಿನ ಬೂದು ಬಣ್ಣ ಇನ್ನೂ ಕಾಣಬೇಕು. ಆಮೇಲೆ ಒಂದು ಒದ್ದೆ ಕೋಟ್. ಕೈ ನಿಲ್ಲಿಸಬಾರದು, ಬಾಡಿ ಶುರುವಾಗುವ ಮುಂಚೆಯೇ ಟ್ರಿಗರ್ ಒತ್ತಿ, ಬಾಡಿ ದಾಟಿದ ಮೇಲೆ ಬಿಡಬೇಕು. ತಿಪಟೂರಿನಲ್ಲಿ ಅಪ್ಪನ ಅಂಗಡಿ ಪಕ್ಕದ ಗ್ಯಾರೇಜಿನಲ್ಲಿ ಅಂಬಾಸಡರ್‌ಗಳಿಗೆ ಬಣ್ಣ ಹೊಡೆಯುತ್ತಿದ್ದವರು ಇದನ್ನೇ ಮಾಡುತ್ತಿದ್ದರು. ಚಿಕ್ಕಂದಿನಲ್ಲಿ ಗಂಟೆಗಟ್ಟಲೆ ನಿಂತು ನೋಡುತ್ತಿದ್ದೆ. ಅವರು ಸುಮ್ಮನೆ ಗಾಳಿಗೆ ಯಾಕೆ ಬಣ್ಣ ದಂಡ ಮಾಡುತ್ತಾರೆ ಅನ್ನಿಸುತ್ತಿತ್ತು, ಈಗ ತಿಳಿಯಿತು.

ಬಾನೆಟ್ ಮೇಲೆ ಎರಡು ದಪ್ಪ ಬಿಳಿ ಪಟ್ಟೆ, ಡಿಕ್ಕಿ ಮೇಲೂ ಎರಡು. ಕಿಟ್‌ನಲ್ಲಿ ಬಂದ ಡೆಕಲ್, ಅಂದರೆ ಅಂಟಿಸುವ ತೆಳ್ಳನೆಯ ಸ್ಟಿಕ್ಕರ್, ಅಂಟಿಸಿದೆ. ಗಾಢ ನೀಲಿಯ ಮೇಲೆ ಅದು ನೀರು ಬೆರೆಸಿದ ಹಾಲಿನ ಹಾಗೆ ಕಂಡಿತು, ಕೆಳಗಿನ ನೀಲಿ ಇಣುಕುತ್ತಿತ್ತು. ಟೇಪ್ ಅಂಟಿಸಿ ಕಿತ್ತು ತೆಗೆದೆ. ಪಟ್ಟೆಯನ್ನು ಬಣ್ಣದಲ್ಲೇ ಹೊಡೆಯುವುದು ಅಂತ ತೀರ್ಮಾನಿಸಿದೆ. ಡೆಕಲ್‌ನ ನಕಲನ್ನು ಕಾಗದಕ್ಕೆ ತೆಗೆದುಕೊಂಡು, ಅದರ ಮೇಲೆ ಮಾಸ್ಕಿಂಗ್ ಟೇಪ್ ಕತ್ತರಿಸಿ ಬಾನೆಟ್‌ಗೆ ಕೂರಿಸಿದೆ. ಟೇಪಿನ ಅಂಚಿನ ಕೆಳಗೆ ಬಿಳಿ ಇಳಿಯದಂತೆ ತಡೆಯಲು ಮೊದಲು ಒಂದು ತೆಳ್ಳನೆಯ, ಬಣ್ಣವಿಲ್ಲದ ಕ್ಲಿಯರ್ ಕೋಟ್. ಇಳಿಯುವುದಿದ್ದರೆ ಅದೇ ಇಳಿದು ಸಂದು ಮುಚ್ಚುತ್ತದೆ. ಆಮೇಲೆ ಬಿಳಿ ಪ್ರೈಮರ್, ಅದರ ಮೇಲೆ ಬಿಳಿ. ಪೂರ್ತಿ ಒಣಗುವ ಮುಂಚೆಯೇ ಟೇಪನ್ನು ತನ್ನ ಮೇಲೇ ಮಡಚಿ, ನಿಧಾನವಾಗಿ ಹಿಂದಕ್ಕೆ ಎಳೆದೆ. ಅಂಚು ದಾರ ಹಿಡಿದು ಗೀಚಿದ ಹಾಗೆ ಬಂತು. ಈ ಕಾರಿನಲ್ಲಿ ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟ ಗಳಿಗೆ ಅದು.

ಕೊನೆಯ ಕ್ಲಿಯರ್‌ಗೆ ಬಹಳ ಜನ ಗಟ್ಟಿಕಾರಕ ಬೆರೆಸಿದ ಟೂ-ಕೆ ಹೊಡೆಯುತ್ತಾರೆ. ಗಾಜಿನಂಥ ಹೊಳಪು ಬರುತ್ತದೆ, ನಿಜ. ಆದರೆ ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ, ಅದು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು, ಒಮ್ಮೆ ಒಗ್ಗದೇ ಹೋದರೆ ಮುಂದೆ ಜೀವನವಿಡೀ ಒಗ್ಗುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ. ನಾನು ಲ್ಯಾಕರ್ ಕ್ಲಿಯರನ್ನೇ ಹೊಡೆದೆ, ಅದಕ್ಕೂ ಆವಿ ತಡೆಯುವ ಮಾಸ್ಕ್ ಹಾಕಿಕೊಂಡೇ. ಎರಡು ವಾರ ಒಣಗಲು ಬಿಟ್ಟು, ದಿನಾ ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದೆ. ಥಿನ್ನರ್ ವಾಸನೆ ಪೂರ್ತಿ ಹೋದ ಮೇಲೇ ಪಾಲಿಷ್. 3200ರ ಉಜ್ಜುವ ಹಾಳೆಯಿಂದ ಶುರು ಮಾಡಿ 12000ರ ತನಕ, ನೀರು ಹಾಕಿಕೊಂಡು. ಉಬ್ಬಿದ ಅಂಚುಗಳಲ್ಲಿ ಬಣ್ಣ ಬೇಗ ಸವೆದು ಹೋಗುವುದರಿಂದ ಮೊದಲೇ ಅಲ್ಲಿಗೆಲ್ಲ ಸಣ್ಣ ಟೇಪ್ ಹಾಕಿದ್ದೆ. ಕೊನೆಗೆ ಕಾಂಪೌಂಡ್. ಟ್ಯೂಬ್‌ಲೈಟಿನ ಪ್ರತಿಬಿಂಬ ಚಾವಣಿಯಲ್ಲಿ ಅಲುಗದೆ ನೇರ ಗೆರೆಯಾಗಿ ನಿಂತಾಗ ಸಾಕು ಅನ್ನಿಸಿತು.

ಇಷ್ಟರ ನಡುವೆ, ಬಣ್ಣ ಒಣಗುವ ದಿನಗಳಲ್ಲಿ, ಎಂಜಿನ್.

ಹಿಂದಿನ ಎರಡರಲ್ಲೂ ಸ್ಪಾರ್ಕ್ ಪ್ಲಗ್ ವೈರ್ ಹಾಕಿರಲಿಲ್ಲ. ಈ ಸಲ ಹಾಕಲೇಬೇಕಿತ್ತು, ಅವರು ಆ ಎಂಜಿನ್‌ಗೆ ಎಷ್ಟು ಸಲ ಕೈ ಹಾಕಿದ್ದರೋ. ಆ ಕಾಲದ ವೈರ್ 7 ಮಿ.ಮೀ. ದಪ್ಪ. ಇಪ್ಪತ್ನಾಲ್ಕರಿಂದ ಭಾಗಿಸಿದರೆ 0.29. ಇಷ್ಟು ಸಪೂರ ತಂತಿ ಎಲ್ಲಿ ಅಂತ ಯೋಚಿಸುವಾಗ ಅಪ್ಪನ ನೆನಪಾಯಿತು. ಅಪ್ಪನದು ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿ. ಹೋದ ಸಲ ಊರಿಗೆ ಹೋದಾಗ ಏನಕ್ಕಾದರೂ ಬೇಕಾಗುತ್ತದೆ ಅಂತ ನಾಲ್ಕೈದು ಅಳತೆಯ ವೈಂಡಿಂಗ್ ವೈರ್ ಸುತ್ತಿ ಕೊಟ್ಟಿದ್ದರು. ಫೋನ್ ಮಾಡಿದೆ. ಅಳತೆ ಕೇಳಿ ಒಂದು ಕ್ಷಣವೂ ಯೋಚಿಸಲಿಲ್ಲ: "31 ಗೇಜ್ ಹಾಕು ಕಣೋ. 30 ತಗೊಂಡ್ರೆ ದಪ್ಪ ಆಗುತ್ತೆ. ಎಳೀಬೇಡ, ತಿರುವಿ ಕೂರಿಸು, ಎನಾಮಲ್ ಕೀಳುತ್ತೆ." 31 ಗೇಜ್ ಅಂದರೆ 0.295 ಮಿ.ಮೀ. ಪಂಪ್‌ಸೆಟ್ಟಿನ ತಂತಿ ಶೆವೆಲ್‌ಗೆ ಹೇಳಿ ಮಾಡಿಸಿದ ಹಾಗಿತ್ತು.

ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ಈ ಅಳತೆಯಲ್ಲಿ ಸುಮಾರು 4 ಮಿ.ಮೀ. ಅದರಲ್ಲಿ ಸುತ್ತಲೂ ಎಂಟು ತೂತು, ನಡುವೆ ಕಾಯಿಲ್‌ಗೆ ಒಂದು. ಕೈ ಡ್ರಿಲ್‌ಗೆ 0.35ರ ಬಿಟ್. ಮೊದಲು ಸೂಜಿಯಿಂದ ಚುಚ್ಚಿ ಗುರುತು ಮಾಡದಿದ್ದರೆ ಬಿಟ್ ಜಾರುತ್ತದೆ. ಮೂರು ಬಿಟ್ ಮುರಿದವು. ಒಂಬತ್ತೂ ತೂತು ಆದ ಮೇಲೆ ಒಂದೊಂದೇ ತಂತಿ ಕೂರಿಸಿ, ಕ್ಯಾಪಿನ ಬುಡದಲ್ಲಿ ಸೂಜಿ ತುದಿಯಷ್ಟು ಅಂಟು. ತಂತಿ ಬಾಗಿಸಿದ ಮೇಲೆ ಕಪ್ಪು ಹಚ್ಚಬೇಕು. ಮೊದಲೇ ಹಚ್ಚಿದರೆ ಬಾಗುವ ಕಡೆ ಬಣ್ಣ ಉದುರುತ್ತದೆ.

ಯಾವ ತಂತಿ ಎಲ್ಲಿಗೆ ಅನ್ನುವುದಕ್ಕೂ ಕ್ರಮ ಇದೆ. ಈ ಎಂಜಿನ್‌ನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಹೊತ್ತಿಕೊಳ್ಳುವ ಕ್ರಮ, 1-8-4-3-6-5-7-2, ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ. ಬೆಸ ಸಂಖ್ಯೆಗಳು ಡ್ರೈವರ್ ಕಡೆ, ಅಂದರೆ ಎಡಗಡೆ, ಸಮ ಸಂಖ್ಯೆಗಳು ಬಲಗಡೆ. ಅದೇ ಕ್ರಮದಲ್ಲಿ ಹಾಕಿದೆ, ಎಡಗಡೆಯ ನಾಲ್ಕು ತಂತಿಗಳನ್ನು ಅಂದವಾಗಿ ಒಂದರ ಪಕ್ಕ ಒಂದು ಮಲಗಿಸಿದೆ, ಜಡೆ ಹೆಣೆದ ಹಾಗೆ. ಖುಷಿಯಾಗಿ ಪಕ್ಕದ ಮನೆಗೆ ಒಯ್ದೆ.

ಅವರು ಭೂತಗನ್ನಡಿ ತಂದರು. ಒಂದು ನಿಮಿಷ ಮಾತಿಲ್ಲ. ಆಮೇಲೆ ಪೆನ್ಸಿಲ್ ತುದಿಯಿಂದ ತೋರಿಸಿ, "ಐದು, ಏಳು ಒಟ್ಟಿಗೆ ಓಡುತ್ತಿವೆ" ಅಂದರು. ನನಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದರು. ಐದನೇ ಸಿಲಿಂಡರ್ ಆದ ತಕ್ಷಣ ಏಳನೆಯದು ಹೊತ್ತಿಕೊಳ್ಳುತ್ತದೆ, ಅವೆರಡೂ ಅಕ್ಕಪಕ್ಕದವು. ಎರಡರ ವೈರ್ ಉದ್ದಕ್ಕೂ ತಾಗಿಕೊಂಡು ಹೋದರೆ ಐದರ ಕರೆಂಟ್ ಏಳಕ್ಕೂ ಹಾರಿ, ಏಳನೆಯದು ಹೊತ್ತಿಗೆ ಮುಂಚೆ ಉರಿಯಬಹುದು. ಅದಕ್ಕೆ ಕೆಲಸ ಬಲ್ಲವರು ಆ ಎರಡನ್ನು ಯಾವಾಗಲೂ ದೂರ ಇಡುತ್ತಾರೆ. "ನಾನು ಇಟ್ಟಿದ್ದೆ" ಅಂದರು, ಅಷ್ಟೇ.

ಆ ರಾತ್ರಿ ಎಡಗಡೆಯ ನಾಲ್ಕೂ ತಂತಿ ಬಿಚ್ಚಿದೆ. ಎರಡು ತೂತು ಹರಿದು ಹೋಗಿದ್ದರಿಂದ 4 ಮಿ.ಮೀ. ಪ್ಲಾಸ್ಟಿಕ್ ಕಡ್ಡಿಯ ಚೂರಿನಿಂದ ಹೊಸ ಕ್ಯಾಪನ್ನೇ ಮಾಡಿದೆ. ಈ ಸಲ ಬಿಟ್ ಒಂದೂ ಮುರಿಯಲಿಲ್ಲ. ಐದನ್ನು ಮೇಲಿನಿಂದ, ಏಳನ್ನು ಕೆಳಗಿನಿಂದ ಒಯ್ದು, ನಡುವೆ ಮೂರನೆಯದನ್ನು ಹಾಯಿಸಿದೆ. ನೋಡಲು ಮೊದಲಿನಷ್ಟು ಅಂದವಿಲ್ಲ, ಆದರೆ ಎಂಜಿನ್‌ನ ಹಾಗೆ ಕಾಣುತ್ತದೆ.

ಉಳಿದದ್ದು ಬೇಗ ಆಯಿತು. ಒಳಗಡೆ ಕಪ್ಪು ಸೀಟು, ನಾಲ್ಕು ಸ್ಪೀಡಿನ ಗೇರ್ ಕಡ್ಡಿ. ಗಾಜಿನ ಸುತ್ತ ಫಾಯಿಲ್. ಗ್ರಿಲ್‌ಗೆ ತೆಳ್ಳನೆಯ ಕಪ್ಪು ಹರಿಸಿ ಉಬ್ಬನ್ನು ಒರೆಸಿದೆ. ಎಫ್70-14 ಅಳತೆಯ ಟಯರಿನ ಬಿಳಿ ಅಕ್ಷರಗಳಿಗೆ ಸ್ಪಂಜಿನ ತುಣುಕಿನಿಂದ ಬಣ್ಣ ಮುಟ್ಟಿಸಿದೆ. ಈ ಕಾರಿನ ಬಾನೆಟ್ ಹಿಂಭಾಗದಲ್ಲಿ, ವಿಂಡ್‌ಷೀಲ್ಡ್ ಕಡೆ ಮುಖ ಮಾಡಿ ಒಂದು ಪುಟ್ಟ ಬಾಗಿಲಿರುತ್ತದೆ. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಅದು ತೆರೆದು, ಗಾಜಿನ ಬುಡದಲ್ಲಿ ಒತ್ತೊತ್ತಾಗಿ ಸೇರುವ ತಂಪು ಗಾಳಿಯನ್ನು ಎಂಜಿನ್‌ಗೆ ಬಿಡುತ್ತದೆ. ಕಿಟ್‌ನಲ್ಲಿ ಅದು ಮುಚ್ಚಿತ್ತು. ಕತ್ತರಿಸಿ, ಅರ್ಧ ತೆರೆದ ಹಾಗೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯಿಂದ ಮಾಡಿ ಕೂರಿಸಲು ಇನ್ನೊಂದು ಸಂಜೆ ಹಿಡಿಯಿತು. ಅವರು ಕೇಳಿರಲಿಲ್ಲ, ಮಾಡಬೇಕು ಅನ್ನಿಸಿತು.

ಕ್ರೂಸ್‌ಗೆ ಎರಡು ದಿನ ಮುಂಚೆ, ಗುರುವಾರ ಸಂಜೆ, ಷೂ ಡಬ್ಬಿಯಲ್ಲಿ ಹತ್ತಿ ಹಾಸಿ ಒಯ್ದೆ. ಅವರ ಹೆಂಡತಿ ಅಡುಗೆಮನೆ ದೀಪ ಹಾಕಿದರು. ಅವರು ಕಾರನ್ನು ಮೇಜಿನ ಮೇಲಿಟ್ಟು ಪಕ್ಕದಲ್ಲಿ ಫೋಟೊ ಇಟ್ಟರು. ಹೆಬ್ಬೆರಳ ಉಗುರನ್ನು ಮಡ್‌ಗಾರ್ಡ್ ಮೇಲಿನಿಂದ ಹಿಂದಿನ ಕಂಬದ ತನಕ ಮೆಲ್ಲಗೆ ಆಡಿಸಿದರು. ಎಲ್ಲೂ ತಡೆಯಲಿಲ್ಲ. ಆಮೇಲೆ ಬಾನೆಟ್ ಎತ್ತಿ ತೆಗೆದು, ಭೂತಗನ್ನಡಿ ಹಿಡಿದು, ಬೆರಳು ಮಡಚುತ್ತಾ ತಂತಿ ಎಣಿಸಿದರು. ಒಂದು, ಮೂರು, ಐದು. ಅಲ್ಲಿ ನಿಂತರು. ಏಳು ಎಲ್ಲಿದೆ ಅಂತ ಹುಡುಕಿ, ಕೆಳಗಿನಿಂದ ಬರುವುದನ್ನು ಕಂಡು, ಹೆಂಡತಿಯ ಕಡೆ ತಿರುಗಿ ಭೂತಗನ್ನಡಿ ಅವರ ಕೈಗೆ ಕೊಟ್ಟರು.

ಬಾನೆಟ್ ಮುಚ್ಚಲು ಹೋದೆ. "ಬೇಡ, ಹಾಗೇ ಇರಲಿ" ಅಂದರು. ಬಿಸಿಲು ಬೀಳುವ ಕಿಟಕಿ ಹತ್ತಿರ ಇಡಬೇಡಿ, ಪ್ಲಾಸ್ಟಿಕ್ ಬಾಗುತ್ತದೆ ಅಂತ ಹೇಳಿದ್ದೆ. ಹಾಲ್‌ನ ಕಪಾಟಿನಲ್ಲಿ, ಕಣ್ಣಿನ ಮಟ್ಟಕ್ಕೆ ಇಟ್ಟಿದ್ದಾರೆ. ಎಂಜಿನ್ ತೆರೆದ ಕಾರು, ಪಕ್ಕದಲ್ಲಿ ಬಿಳಿ ಪಟ್ಟೆಯ ಬಾನೆಟ್, ಅದಕ್ಕೆ ಒರಗಿಸಿದ ಆ ಫೋಟೊ.